ಹಿಮದ ಪದರಗಳಲ್ಲಿ ಅಡಗಿರುವ ಅಪಾಯ



2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರದ ಸೋನಂ ಎಂಬ ಸೈನ್ಯದ ಠಾಣೆಯ ಮೇಲೆ ಹಿಮ ಮತ್ತು ಮಂಜುಗಡ್ಡೆಯ ಭಾರಿ ರಾಶಿ ಕುಸಿದು ಬಿತ್ತು. ಹತ್ತು ಮಂದಿ ಯೋಧರು ಅದರ ಅಡಿಯಲ್ಲಿ ಸಿಲುಕಿದರು. ಅವರಲ್ಲಿ ಮೂವರು ಕರ್ನಾಟಕದವರು. ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸುಮಾರು 25 ಅಡಿ ಆಳದಲ್ಲಿ ಜೀವಂತವಾಗಿ ಪತ್ತೆಯಾದರು. ಇಡೀ ನಾಡು ಅವರ ಉಳಿವಿಗಾಗಿ ಹಾರೈಸಿತು. ಆದರೆ ಫೆಬ್ರವರಿ 11ರಂದು ದೆಹಲಿಯ ಸೈನ್ಯದ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಆ ದಿನಗಳಲ್ಲಿ ನಮ್ಮ ಸುದ್ದಿಗಳಲ್ಲಿ 'ಹಿಮಪಾತ' ಎಂಬ ಪದವನ್ನು ನೀವು ಅನೇಕ ಬಾರಿ ಕೇಳಿರಬಹುದು. ಆಕಾಶದಿಂದ ಹಿಮ ಬೀಳುವುದಕ್ಕೂ, ಬೆಟ್ಟದ ಮೇಲೆ ಬಿದ್ದು ನಿಂತಿದ್ದ ಹಿಮ ಜಾರಿ ಕೆಳಗುರುಳುವುದಕ್ಕೂ ಕನ್ನಡದಲ್ಲಿ ಇದೇ ಪದ ಬಳಕೆಯಾಗುತ್ತಿದೆ. ಹಿಮವೇ ಇಲ್ಲದ ನಾಡಿನಲ್ಲಿ ಇದು ಸಹಜ. ಆದರೆ ಇವೆರಡೂ ಬೇರೆ ಬೇರೆ ಘಟನೆಗಳು. ಮೊದಲನೆಯದು ಮಳೆಯಂತೆ, ಎರಡನೆಯದು ಗುಡ್ಡಕುಸಿತದಂತೆ. ಆದ್ದರಿಂದ ಈ ಭಾಷಣದಲ್ಲಿ ಮೊದಲನೆಯದನ್ನು ಹಿಮಪಾತ ಎಂದೂ ಎರಡನೆಯದನ್ನು ಹಿಮಕುಸಿತ ಎಂದೂ ಕರೆಯುತ್ತೇನೆ. ನಾವು ಇಂದು ತಿಳಿಯಬೇಕಾದದ್ದು ಹಿಮಕುಸಿತದ ವಿಚಾರ.

ಕರ್ನಾಟಕದಲ್ಲಿ ಹಿಮವೇ ಬೀಳುವುದಿಲ್ಲ, ನಮಗೇಕೆ ಇದರ ಗೊಡವೆ ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳಿಂದ ಸೈನ್ಯ ಸೇರಿದ ಅನೇಕ ಯುವಕರು ಕಾಶ್ಮೀರ, ಲಡಾಖ್‌ಗಳ ಎತ್ತರದ ಠಾಣೆಗಳಲ್ಲಿ ದುಡಿಯುತ್ತಾರೆ. ಪ್ರತಿವರ್ಷ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಚಾರಣಕ್ಕೆಂದು ಹಿಮಾಚಲ ಪ್ರದೇಶಕ್ಕೂ ಉತ್ತರಾಖಂಡಕ್ಕೂ ಹೋಗುತ್ತಾರೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ-2 ಎಂಬ ಶಿಖರದ ಬಳಿ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ಹಿಮಕುಸಿತಕ್ಕೆ ಸಿಕ್ಕಿತು. 29 ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಎವರೆಸ್ಟ್ ಹತ್ತಿ ಬಂದಿದ್ದ ತರಬೇತುದಾರಳು ಸವಿತಾ ಕಂಸ್ವಾಲ್ ಅವರಲ್ಲಿ ಒಬ್ಬಳು. ಕರ್ನಾಟಕದಿಂದ ಹೋಗಿದ್ದ ಯುವಕರೂ ಅವರಲ್ಲಿದ್ದರು. ಈ ವಿಷಯ ನಮ್ಮಿಂದ ದೂರದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಹಿಮ ಏಕೆ ಕುಸಿಯುತ್ತದೆ?

ಬೆಟ್ಟದ ಮೇಲೆ ಬಿದ್ದ ಹಿಮವನ್ನು ನಾವು ಚಿತ್ರದಲ್ಲಿ ನೋಡಿದಾಗ ಅದು ಒಂದೇ ಬಿಳಿಯ ರಾಶಿಯಂತೆ, ಹತ್ತಿಯ ಗುಡ್ಡೆಯಂತೆ ಕಾಣುತ್ತದೆ. ವಾಸ್ತವವಾಗಿ ಅದು ಪದರ ಪದರವಾಗಿ ಕಟ್ಟಿಕೊಂಡದ್ದು. ನಮ್ಮ ಮನೆಗಳಲ್ಲಿ ಹಾಸಿಗೆ, ಕಂಬಳಿ, ಜಮಖಾನಗಳನ್ನು ಮಡಿಸಿ ಒಂದರ ಮೇಲೊಂದು ಅಟ್ಟಿ ಹಾಕಿರುತ್ತಾರಲ್ಲವೇ? ಹಿಮದ ಹಾಸು ಅಂಥ ಒಂದು ಅಟ್ಟಿ. ಡಿಸೆಂಬರಿನಲ್ಲಿ ಬಿದ್ದ ಹಿಮ ಒಂದು ಪದರ. ಅದರ ಮೇಲೆ ಎರಡು ವಾರ ಬಿಸಿಲು ಕಾದು ಗಟ್ಟಿಯಾದ ಹೊರಪು ಇನ್ನೊಂದು ಪದರ. ಜನವರಿಯ ಗಾಳಿ ಹೊತ್ತು ತಂದು ಒತ್ತಿದ ಹಿಮ ಮತ್ತೊಂದು. ಪ್ರತಿಯೊಂದು ಪದರದಲ್ಲೂ ಆ ಕಾಲದ ಹವಾಮಾನದ ಗುರುತು ಉಳಿದಿರುತ್ತದೆ. ಮೇಲಿನ ಹಿಮ ಎಷ್ಟೇ ಹೊಸದಾಗಿದ್ದರೂ ಅದು ನಿಂತಿರುವುದು ಹಳೆಯ ಪದರಗಳ ಮೇಲೆ. ಆ ಹಳೆಯ ಪದರಗಳಲ್ಲಿ ಒಂದು ದುರ್ಬಲವಾಗಿದ್ದರೆ ಇಡೀ ಅಟ್ಟಿ ದುರ್ಬಲವಾದಂತೆಯೇ.

ಇದನ್ನು ಮನೆಯಲ್ಲಿಯೇ ಒಂದು ಪ್ರಯೋಗದಿಂದ ತಿಳಿಯಬಹುದು. ಒಂದು ಮರದ ಹಲಗೆಯ ಮೇಲೆ ಹರಳು ಸಕ್ಕರೆಯನ್ನು ತೆಳ್ಳಗೆ ಹರಡಿ. ಅದರ ಮೇಲೆ ಒಂದು ದಪ್ಪ ಪುಸ್ತಕವನ್ನಿಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಮೇಲೆತ್ತುತ್ತಾ ಹೋಗಿ. ಸ್ವಲ್ಪ ದೂರದವರೆಗೆ ಪುಸ್ತಕ ಅಲ್ಲಾಡುವುದಿಲ್ಲ. ಒಂದು ಕೋನ ತಲುಪಿದಾಗ ಅದು ಜಾರುವ ಹಂತಕ್ಕೆ ಬಂದಿರುತ್ತದೆ, ಆದರೂ ನಿಂತಿರುತ್ತದೆ. ಆಗ ಬೆರಳಿನಿಂದ ಮೆಲ್ಲಗೆ ತಟ್ಟಿ. ಇಡೀ ಪುಸ್ತಕ ಒಮ್ಮೆಗೇ ಜಾರಿ ಬೀಳುತ್ತದೆ. ಈಗ ಸಕ್ಕರೆಯ ಜಾಗದಲ್ಲಿ ಹಿಮದ ದುರ್ಬಲ ಪದರವನ್ನೂ, ಪುಸ್ತಕದ ಜಾಗದಲ್ಲಿ ಅದರ ಮೇಲಿನ ಗಟ್ಟಿ ಹಿಮವನ್ನೂ, ಬೆರಳಿನ ಜಾಗದಲ್ಲಿ ಒಬ್ಬ ಚಾರಣಿಗನನ್ನೂ ಊಹಿಸಿಕೊಳ್ಳಿ. ಜನರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಈ ಬಗೆಯ ಹಿಮಕುಸಿತ. ಮೇಲಿನ ಹಿಮ ಕಲ್ಲುಚಪ್ಪಡಿಯಂತೆ ಒಂದೇ ತುಂಡಾಗಿ ಕಳಚಿಕೊಳ್ಳುವುದರಿಂದ ಇದನ್ನು ಚಪ್ಪಡಿ ಹಿಮಕುಸಿತ ಎನ್ನಬಹುದು.

ನಾನು ಸಕ್ಕರೆಯನ್ನೇ ಹೇಳಿದ್ದಕ್ಕೆ ಕಾರಣವಿದೆ. ದುರ್ಬಲ ಪದರದ ಹಿಮ ನಿಜವಾಗಿಯೂ ಸಕ್ಕರೆಯಂತೆಯೇ ಇರುತ್ತದೆ. ಕೈಯಲ್ಲಿ ಹಿಡಿದರೆ ಉಂಡೆಯಾಗುವುದಿಲ್ಲ, ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಇದು ಹೇಗೆ ಉಂಟಾಗುತ್ತದೆ ಎಂಬುದು ಭೌತಶಾಸ್ತ್ರದ ಒಂದು ಸೊಗಸಾದ ಪಾಠ. ದಪ್ಪ ಹಿಮದ ಹಾಸಿನ ತಳದಲ್ಲಿ, ನೆಲಕ್ಕೆ ತಾಗಿದ ಕಡೆ, ಉಷ್ಣತೆ ಸಾಮಾನ್ಯವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಹತ್ತಿರವಿರುತ್ತದೆ. ಹಿಮ ಕಂಬಳಿಯಂತೆ ನೆಲದ ಶಾಖವನ್ನು ತಡೆದು ಹಿಡಿಯುವುದೇ ಇದಕ್ಕೆ ಕಾರಣ. ಆದರೆ ನಿರಭ್ರ ರಾತ್ರಿಯಲ್ಲಿ ಮೇಲ್ಮೈಯ ಉಷ್ಣತೆ ಮೈನಸ್ 20 ಡಿಗ್ರಿಗೆ ಇಳಿದಿರಬಹುದು. ತಳ ಬೆಚ್ಚಗೆ, ಮೇಲೆ ಕೊರೆಯುವ ಚಳಿ. ಆಗ ತಳದ ಹರಳುಗಳಿಂದ, ಕರ್ಪೂರ ಆವಿಯಾಗುವಂತೆ, ಹಿಮ ನೀರಾಗದೆ ನೇರವಾಗಿ ಆವಿಯಾಗಿ ಮೇಲಕ್ಕೆ ಚಲಿಸುತ್ತದೆ. ಈ ಆವಿ ಮೇಲಿನ ತಣ್ಣನೆಯ ಹರಳುಗಳ ಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನಗಟ್ಟಲೆ ನಡೆದಾಗ ಒಂದಕ್ಕೊಂದು ಬೆಸೆದುಕೊಂಡಿದ್ದ ಪುಟ್ಟ ಹರಳುಗಳು ಮಾಯವಾಗಿ, ಅಂಚು ಮೂಲೆಗಳುಳ್ಳ ದೊಡ್ಡ ಹರಳುಗಳು ಬೆಳೆಯುತ್ತವೆ. ಇವುಗಳ ನಡುವೆ ಬೆಸುಗೆ ಬಹಳ ಕಡಿಮೆ.

ಇಲ್ಲೊಂದು ಸರಳ ಲೆಕ್ಕವಿದೆ. ಪ್ರತಿ ಮೀಟರ್ ದಪ್ಪಕ್ಕೆ ಸುಮಾರು 10 ಡಿಗ್ರಿಗಿಂತ ಹೆಚ್ಚು ಉಷ್ಣತೆಯ ವ್ಯತ್ಯಾಸವಿದ್ದರೆ ಇಂಥ ಸಕ್ಕರೆ ಹರಳುಗಳು ಬೆಳೆಯತೊಡಗುತ್ತವೆ. ಹಿಮ ಎರಡೂವರೆ ಮೀಟರ್ ದಪ್ಪವಿದ್ದು, ತಳಕ್ಕೂ ಮೇಲಕ್ಕೂ 20 ಡಿಗ್ರಿ ವ್ಯತ್ಯಾಸವಿದ್ದರೆ ಮೀಟರಿಗೆ 8 ಡಿಗ್ರಿಯಾಯಿತು. ಅಪಾಯ ಕಡಿಮೆ. ಅದೇ ಚಳಿಯಲ್ಲಿ ಹಿಮ ಅರ್ಧ ಮೀಟರ್ ಮಾತ್ರ ಇದ್ದರೆ? ಮೀಟರಿಗೆ 40 ಡಿಗ್ರಿ! ಅಂದರೆ ತೆಳುವಾದ ಹಿಮದಲ್ಲಿ ದುರ್ಬಲ ಪದರ ಬೇಗ ಬೆಳೆಯುತ್ತದೆ. "ಈ ವರ್ಷ ಹಿಮ ಕಡಿಮೆ ಬಿದ್ದಿದೆ, ಭಯವಿಲ್ಲ" ಎಂದು ಯಾರಾದರೂ ಹೇಳಿದರೆ ನೀವು ಈ ಲೆಕ್ಕವನ್ನು ನೆನಪಿಸಿಕೊಳ್ಳಬೇಕು. ಕಡಿಮೆ ಹಿಮದ ಚಳಿಗಾಲದ ನಂತರ ಒಮ್ಮೆಗೇ ಭಾರಿ ಹಿಮಪಾತವಾದರೆ, ಅದು ಮರಳಿನ ತಳಹದಿಯ ಮೇಲೆ ಕಲ್ಲಿನ ಮನೆ ಕಟ್ಟಿದಂತೆ.

ಇನ್ನೊಂದು ಬಗೆಯ ದುರ್ಬಲ ಪದರ ನೋಡಲು ಬಹಳ ಸುಂದರವಾಗಿರುತ್ತದೆ. ನಮ್ಮಲ್ಲಿ ಮಾಗಿಯ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆ, ಹಿಮದ ಮೇಲ್ಮೈಯಲ್ಲೂ ಗಾಳಿಯ ತೇವ ಹೆಪ್ಪುಗಟ್ಟಿ ಗರಿಯಂಥ ಹರಳುಗಳಾಗಿ ಬೆಳೆಯುತ್ತದೆ. ಬೆಳಗಿನ ಬಿಸಿಲಿಗೆ ಅವು ಥಳಥಳಿಸುತ್ತವೆ. ಅವು ಮೇಲಿರುವಷ್ಟು ದಿನ ತೊಂದರೆಯಿಲ್ಲ. ಆದರೆ ಅವುಗಳ ಮೇಲೆ ಹೊಸ ಹಿಮ ಬಿದ್ದು ಮುಚ್ಚಿಕೊಂಡರೆ, ಇಸ್ಪೀಟು ಎಲೆಗಳನ್ನು ನಿಲ್ಲಿಸಿ ಅವುಗಳ ಮೇಲೆ ಭಾರ ಹೇರಿದಂತಾಗುತ್ತದೆ. ವಾರಗಟ್ಟಲೆ ಆ ಪದರ ಕಣ್ಣಿಗೆ ಕಾಣದೆ ಒಳಗೆ ಉಳಿದಿರಬಲ್ಲದು.

ದುರ್ಬಲ ಪದರವೊಂದಿದ್ದರೆ ಸಾಲದು. ಇಳಿಜಾರೂ ಬೇಕು. ಚಪ್ಪಡಿ ಹಿಮಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಸಂಭವಿಸುತ್ತವೆ. ಅದರಲ್ಲೂ 38 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು. ಅದಕ್ಕಿಂತ ತೀರಾ ಕಡಿದಾದ ಕಡೆ ಹಿಮ ನಿಲ್ಲದೆ ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪವೇ ಜಾರಿಹೋಗುತ್ತದೆ. 25 ಡಿಗ್ರಿಗಿಂತ ಕಡಿಮೆಯಿದ್ದರೆ ಚಪ್ಪಡಿ ಕಳಚಿಕೊಳ್ಳುವುದು ಅಪರೂಪ. ನಮ್ಮ ಮನೆಗಳ ಮೆಟ್ಟಿಲುಗಳ ಇಳಿಜಾರು ಸಾಮಾನ್ಯವಾಗಿ 30ರಿಂದ 35 ಡಿಗ್ರಿಯಿರುತ್ತದೆ. ಅಂದರೆ ಹಿಮಕುಸಿತಕ್ಕೆ ಪ್ರಪಾತವೇ ಬೇಕಿಲ್ಲ, ಮಹಡಿ ಮೆಟ್ಟಿಲಿನಷ್ಟು ಇಳಿಜಾರು ಸಾಕು. ಇದನ್ನು ಅಳೆಯಲು ದುಬಾರಿ ಉಪಕರಣವೂ ಬೇಡ. ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕಕ್ಕೆ ಒಂದು ದಾರ ಕಟ್ಟಿ, ತುದಿಗೆ ಸಣ್ಣ ತೂಕವೊಂದನ್ನು ಇಳಿಬಿಟ್ಟರೆ ಇಳಿಜಾರನ್ನು ಅಳೆಯುವ ಸಾಧನ ಸಿದ್ಧವಾಯಿತು. ಆದರೆ ಒಂದು ಎಚ್ಚರಿಕೆ: ನೀವು ನಿಂತ ಜಾಗ ಸಮತಟ್ಟಾಗಿದ್ದರೂ ನಿಮ್ಮ ಮೇಲ್ಗಡೆಯ ಇಳಿಜಾರು ಕಡಿದಾಗಿದ್ದರೆ ಅಪಾಯ ತಪ್ಪಿದ್ದಲ್ಲ. ಕುಸಿದ ಹಿಮ ಸಮತಟ್ಟಿಗೂ ಬಂದು ನಿಲ್ಲುತ್ತದೆ.

ಗಾಳಿಯ ಪಾತ್ರವನ್ನೂ ಮರೆಯಬಾರದು. ಬೆಟ್ಟದ ಒಂದು ಮಗ್ಗುಲಿನಿಂದ ಗಾಳಿ ಹಿಮವನ್ನು ಕೆರೆದು ಎತ್ತಿ, ಏಣನ್ನು ದಾಟಿಸಿ, ಇನ್ನೊಂದು ಮಗ್ಗುಲಲ್ಲಿ ಸುರಿಯುತ್ತದೆ. ಆಕಾಶದಿಂದ ಬೀಳುವ ಹಿಮಕ್ಕಿಂತ ಹತ್ತು ಪಟ್ಟು ವೇಗವಾಗಿ ಗಾಳಿ ಹಿಮವನ್ನು ಪೇರಿಸಬಲ್ಲದು. ಆಕಾಶ ಶುಭ್ರವಾಗಿದ್ದರೂ, ಒಂದು ಹನಿ ಹಿಮ ಬೀಳದಿದ್ದರೂ, ಗಾಳಿ ಬೀಸಿದ ಮಾತ್ರಕ್ಕೆ ಒಂದು ಇಳಿಜಾರು ಅಪಾಯಕಾರಿಯಾಗಬಹುದು. ಏಣಿನ ಅಂಚಿನಲ್ಲಿ ಮನೆಯ ಸೂರಿನಂತೆ ಹಿಮ ಹೊರಚಾಚಿದ್ದರೆ, ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹಿಮ ಸಾಗಿಸಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಈಗ ಹಿಮದ ತೂಕವನ್ನು ನೋಡೋಣ. ಹಿಮ ಹಗುರ ಎಂಬುದು ನಮ್ಮ ಕಲ್ಪನೆ. 50 ಮೀಟರ್ ಉದ್ದ, 50 ಮೀಟರ್ ಅಗಲ, ಕೇವಲ ಅರ್ಧ ಮೀಟರ್ ದಪ್ಪದ ಒಂದು ಚಪ್ಪಡಿ ಕಳಚಿಕೊಂಡಿತೆನ್ನಿ. ಅದರ ಗಾತ್ರ 1,250 ಘನ ಮೀಟರ್. ಗಾಳಿ ಒತ್ತಿದ ಹಿಮಕ್ಕೆ ಘನ ಮೀಟರಿಗೆ 200 ಕಿಲೋಗ್ರಾಂ ಎಂದು ಹಿಡಿದರೂ ಒಟ್ಟು ತೂಕ 250 ಟನ್. ಹತ್ತು ಟನ್ ಹೊರುವ ಇಪ್ಪತ್ತೈದು ಲಾರಿಗಳ ಹೊರೆ! ಇದು ದೊಡ್ಡ ಹಿಮಕುಸಿತವೇನಲ್ಲ. ಒಣ ಹಿಮದ ಚಪ್ಪಡಿ ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ ಪಡೆಯುತ್ತದೆ. ಓಡಿ ತಪ್ಪಿಸಿಕೊಳ್ಳುತ್ತೇನೆ ಎಂಬ ಮಾತಿಗೆ ಅರ್ಥವಿಲ್ಲ.

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಾನು ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಸಿನಿಮಾಗಳಲ್ಲಿ ಯಾರೋ ಕೂಗಿದೊಡನೆ ಬೆಟ್ಟವೇ ಕುಸಿಯುವುದನ್ನು ನೀವು ನೋಡಿರುತ್ತೀರಿ. ಧ್ವನಿಪಥ ಜೋಡಿಸುವವರಿಗೆ ಅದು ಅನುಕೂಲ, ಆದರೆ ಅದು ವಿಜ್ಞಾನವಲ್ಲ. ಮನುಷ್ಯನ ಕೂಗಿನ ಒತ್ತಡ ಹಿಮದ ಪದರವನ್ನು ಒಡೆಯಲಾರದಷ್ಟು ಅಲ್ಪ. ಒಡೆಯುವುದು ಮನುಷ್ಯನ ತೂಕ. ಯುರೋಪು ಮತ್ತು ಅಮೆರಿಕಗಳ ಪರ್ವತಗಳಲ್ಲಿ ವಿಹಾರಕ್ಕೆ ಹೋಗಿ ಚಪ್ಪಡಿ ಹಿಮಕುಸಿತಕ್ಕೆ ಸಿಲುಕಿದವರ ಪ್ರಕರಣಗಳನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ಸಂದರ್ಭಗಳಲ್ಲಿ ಆ ಕುಸಿತವನ್ನು ಆರಂಭಿಸಿದವರು ಸ್ವತಃ ಅವರೇ ಅಥವಾ ಅವರ ಜೊತೆಯವರೇ ಆಗಿದ್ದರು. ಅವರ ಕಾಲಿನಡಿಯಲ್ಲೇ ಪದರ ಒಡೆದಿತ್ತು. ಇದು ದುಃಖದ ಸಂಗತಿಯಾದರೂ ಇದರಲ್ಲಿ ಒಂದು ಆಶಾದಾಯಕ ಅಂಶವಿದೆ. ನಮ್ಮಿಂದಲೇ ಆರಂಭವಾಗುವ ಅಪಾಯವನ್ನು ನಾವೇ ತಡೆಯಲೂಬಹುದು.

ಹಿಮಾಲಯದ ಎಲ್ಲ ಕಡೆಯೂ ಹಿಮ ಒಂದೇ ರೀತಿಯಾಗಿರುವುದಿಲ್ಲ. ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮವನ್ನು ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ, ಹವಾಮಾನ ತಜ್ಞರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ವಾಯುಮಂಡಲದ ಕ್ಷೋಭೆಗಳು ಅದನ್ನು ತರುತ್ತವೆ. ಇವು ಮೊದಲು ಎದುರಾಗುವ ಪೀರ್ ಪಂಜಾಲ್ ಶ್ರೇಣಿಯಲ್ಲಿ ಹಿಮ ಹೇರಳ, ಚಳಿ ತುಸು ಕಡಿಮೆ. ಅಲ್ಲಿ ಹಿಮಕುಸಿತಗಳು ಬಹುಮಟ್ಟಿಗೆ ಹಿಮಪಾತ ನಡೆಯುತ್ತಿರುವಾಗಲೋ ಅದು ನಿಂತ ಒಂದೆರಡು ದಿನಗಳಲ್ಲೋ ಆಗುತ್ತವೆ. ಉತ್ತರಕ್ಕೆ ಹೋದಂತೆ, ಕಾರಕೋರಂ ಕಡೆ, ಚಳಿ ತೀವ್ರ, ಗಾಳಿ ಒಣ. ಅಲ್ಲಿ ಸಕ್ಕರೆಯಂಥ ದುರ್ಬಲ ಪದರಗಳು ಚಳಿಗಾಲವಿಡೀ ಉಳಿಯಬಲ್ಲವು. ಹಿಮಪಾತ ನಿಂತು ಬಹಳ ದಿನಗಳಾದ ಮೇಲೂ ಅಲ್ಲಿ ಅಪಾಯ ಕಾದಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಬಿಸಿಲು ಏರಿದಾಗ ಮತ್ತೊಂದು ಬಗೆಯ ಅಪಾಯ. ಕರಗಿದ ನೀರು ಪದರಗಳ ನಡುವೆ ಇಳಿದು ಬೆಸುಗೆಯನ್ನು ಸಡಿಲಿಸುತ್ತದೆ. ಚಾರಣದ ಮಾರ್ಗದರ್ಶಕರು ನಡುರಾತ್ರಿಯಲ್ಲೋ ನಸುಕಿನಲ್ಲೋ ಎಬ್ಬಿಸಿ ಹೊರಡಿಸುವುದು ಇದೇ ಕಾರಣಕ್ಕೆ. ರಾತ್ರಿಯ ಚಳಿಗೆ ಬಿಗಿದುಕೊಂಡ ಹಿಮವನ್ನು, ಮಧ್ಯಾಹ್ನದ ಬಿಸಿಲು ಸಡಿಲಿಸುವ ಮೊದಲೇ ದಾಟಿಬಿಡಬೇಕು.

ಈ ವಿಜ್ಞಾನ ಬೆಳೆದ ಬಗೆಯೂ ತಿಳಿಯತಕ್ಕದ್ದು. ಸ್ವಿಟ್ಜರ್‌ಲೆಂಡಿನ ದಾವೋಸ್ ಪಟ್ಟಣದ ಮೇಲಿನ ವೈಸ್‌ಫ್ಲೂಯೋಕ್ ಎಂಬಲ್ಲಿ, ಸುಮಾರು 2,500 ಮೀಟರ್ ಎತ್ತರದಲ್ಲಿ, 1936ರಲ್ಲಿ ಕೆಲವು ವಿಜ್ಞಾನಿಗಳು ಹಿಮವನ್ನು ಪದರ ಪದರವಾಗಿ ಅಳೆಯುವ ಕೆಲಸ ಆರಂಭಿಸಿದರು. 1950-51ರ ಚಳಿಗಾಲದಲ್ಲಿ ಆ ಪುಟ್ಟ ದೇಶದಲ್ಲಿ ಹಿಮಕುಸಿತಗಳಿಂದ 98 ಮಂದಿ ಸತ್ತರು. ಆ ಬಳಿಕ ಹಳ್ಳಿಗಳ ಮೇಲ್ಗಡೆ ತಡೆಬೇಲಿಗಳು ಹೆಚ್ಚಿದವು, ಅಪಾಯದ ನಕ್ಷೆಗಳು ಸಿದ್ಧವಾದವು. ನಮ್ಮ ದೇಶದಲ್ಲಿ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆ 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದೊಂದಿಗೆ ಸೇರಿ ಡಿಫೆನ್ಸ್ ಜಿಯೋಇನ್‌ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಹೆಸರು ಪಡೆಯಿತು. ಜಮ್ಮು-ಕಾಶ್ಮೀರ, ಲಡಾಖ್, ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಗಳಿಗೆ ಈ ಸಂಸ್ಥೆ ಹಿಮಕುಸಿತದ ಮುನ್ಸೂಚನೆಗಳನ್ನು ನೀಡುತ್ತದೆ.

ಯುರೋಪಿನ ದೇಶಗಳು 1993ರಲ್ಲಿ ಅಪಾಯವನ್ನು ಐದು ಹಂತಗಳಾಗಿ ಸೂಚಿಸಲು ಒಪ್ಪಿದವು. ಒಂದನೆಯದು ಅತಿ ಕಡಿಮೆ, ಐದನೆಯದು ಅತಿ ಹೆಚ್ಚು. ಇಲ್ಲಿ ಒಂದು ವಿಚಿತ್ರವಿದೆ. ಸ್ವಿಟ್ಜರ್‌ಲೆಂಡಿನಲ್ಲಿ ಸಾವು ತಂದ ಅಪಘಾತಗಳಲ್ಲಿ ಸುಮಾರು ಅರ್ಧದಷ್ಟು ಮೂರನೆಯ ಹಂತದ ದಿನಗಳಲ್ಲಿ ಆಗಿವೆ. ಏಕೆ? ನಾಲ್ಕು, ಐದು ಎಂದಾಗ ಜನ ಹೊರಡುವುದೇ ಇಲ್ಲ. ಮೂರು ಎಂದರೆ ನಡುವಿನ ಅಂಕಿ, ಪರೀಕ್ಷೆಯಲ್ಲಿ ನೂರಕ್ಕೆ ಐವತ್ತು ಬಂದ ಹಾಗೆ, ಪರವಾಗಿಲ್ಲ ಎಂದು ಭಾವಿಸುತ್ತಾರೆ. ಆದರೆ ಮೂರನೆಯ ಹಂತದ ಅರ್ಥ, ಅನೇಕ ಇಳಿಜಾರುಗಳಲ್ಲಿ ಒಬ್ಬನೇ ಒಬ್ಬನ ತೂಕಕ್ಕೆ ಹಿಮ ಕುಸಿಯಬಹುದು ಎಂಬುದು. ಅಂಕಿಯನ್ನು ಓದಿದರೆ ಸಾಲದು, ಅದರ ಅರ್ಥವನ್ನೂ ತಿಳಿಯಬೇಕು.

ಮುನ್ಸೂಚನೆಯ ಜೊತೆಗೆ ಹಿಮ ತಾನೇ ಕೊಡುವ ಸೂಚನೆಗಳಿವೆ. ಹತ್ತಿರದ ಇಳಿಜಾರುಗಳಲ್ಲಿ ಹೊಸದಾಗಿ ಹಿಮ ಕುಸಿದ ಗುರುತುಗಳಿದ್ದರೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಬೇಕಿಲ್ಲ. ನಡೆಯುವಾಗ ಕಾಲಿನ ಕೆಳಗೆ, ಧಾನ್ಯದ ಮೂಟೆಯನ್ನು ನೆಲಕ್ಕೆ ಹಾಕಿದಂತೆ 'ಧೊಪ್' ಎಂಬ ಮಂದ ಸದ್ದು ಬಂದರೆ, ಒಳಗಿನ ದುರ್ಬಲ ಪದರ ಕುಸಿದು ಕೂತಿದೆ ಎಂದು ಅರ್ಥ. ಹೆಜ್ಜೆಯಿಟ್ಟ ಜಾಗದಿಂದ ಹಿಮದ ಮೇಲೆ ಬಿರುಕು ಓಡಿದರೆ ಚಪ್ಪಡಿ ಸಿದ್ಧವಾಗಿದೆ ಎಂದು ಅರ್ಥ. ಕಳೆದ ಒಂದು ದಿನದಲ್ಲಿ ಭಾರಿ ಹಿಮಪಾತ, ಜೋರು ಗಾಳಿ ಅಥವಾ ಉಷ್ಣತೆಯ ಹಠಾತ್ ಏರಿಕೆ ಆಗಿದ್ದರೂ ಅದು ಎಚ್ಚರಿಕೆಯೇ. ಬಲ್ಲವರು ಸಲಿಕೆಯಿಂದ ಒಂದು ಗುಂಡಿ ತೋಡಿ, ಪದರಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. 30 ಸೆಂಟಿಮೀಟರ್ ಚೌಕದ ಹಿಮದ ಕಂಬವೊಂದನ್ನು ಬಿಡಿಸಿಕೊಂಡು, ಅದರ ಮೇಲೆ ಸಲಿಕೆಯನ್ನಿಟ್ಟು, ಮೊದಲು ಮಣಿಕಟ್ಟಿನಿಂದ ಹತ್ತು ಸಲ, ನಂತರ ಮೊಣಕೈಯಿಂದ ಹತ್ತು ಸಲ, ಕೊನೆಗೆ ಭುಜದಿಂದ ಹತ್ತು ಸಲ ತಟ್ಟುತ್ತಾರೆ. ಎಷ್ಟನೆಯ ತಟ್ಟಿಗೆ, ಯಾವ ಪದರದಲ್ಲಿ, ಎಷ್ಟು ಚೊಕ್ಕಟವಾಗಿ ಕಂಬ ಕತ್ತರಿಸಿತು ಎಂಬುದರಿಂದ ಹಿಮದ ಸ್ಥಿತಿ ತಿಳಿಯುತ್ತದೆ. ಆದರೆ ಈ ಪರೀಕ್ಷೆಗೂ ಮಿತಿಯಿದೆ. ಹತ್ತು ಮೀಟರ್ ಆಚೆಗೆ ಹಿಮದ ದಪ್ಪವೂ ಪದರವೂ ಬೇರೆಯಿರಬಹುದು. ಗುಂಡಿ ಅಪಾಯವಿದೆ ಎಂದು ಹೇಳಿದರೆ ನಂಬಬೇಕು. ಅಪಾಯವಿಲ್ಲ ಎಂದು ಹೇಳಿದರೆ ಪೂರ್ತಿ ನಂಬಬಾರದು.

ಇಷ್ಟಾದರೂ ಯಾರಾದರೂ ಹಿಮದಲ್ಲಿ ಹೂತುಹೋದರೆ? ಆಗ ಎಲ್ಲವೂ ನಿಮಿಷಗಳ ಲೆಕ್ಕ. ಉರುಳುವಾಗ ಪುಡಿಯಾದ ಹಿಮ ನಿಂತ ಕ್ಷಣದಲ್ಲೇ ಬೆಸೆದುಕೊಂಡು ಸಿಮೆಂಟಿನಂತೆ ಬಿಗಿಯುತ್ತದೆ. ಒಳಗಿರುವವನು ಕೈಬೆರಳನ್ನೂ ಅಲ್ಲಾಡಿಸಲಾರ. ಅವನ ಉಸಿರಿನ ತೇವವೇ ಮುಖದ ಮುಂದೆ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಸ್ವಿಟ್ಜರ್‌ಲೆಂಡಿನ ನಲವತ್ತು ವರ್ಷಗಳ ಪ್ರಕರಣಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವವರು ನೂರಕ್ಕೆ ತೊಂಬತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಅದು ಸುಮಾರು ಮೂವತ್ತಕ್ಕೆ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರಲಾರದು. ಬದುಕಿಸಬಲ್ಲವರು ಪಕ್ಕದಲ್ಲಿರುವ ಜೊತೆಗಾರರು ಮಾತ್ರ.

ಅದಕ್ಕಾಗಿ ಹಿಮದ ಇಳಿಜಾರಿಗೆ ಹೋಗುವ ಪ್ರತಿಯೊಬ್ಬನ ಬಳಿಯೂ ಮೂರು ವಸ್ತುಗಳಿರಬೇಕು. ಮೊದಲನೆಯದು ಮೈಗೆ ಕಟ್ಟಿಕೊಳ್ಳುವ, ಸಂಕೇತಗಳನ್ನು ಕಳಿಸುವ ಹಾಗೂ ಹಿಡಿಯುವ ಪುಟ್ಟ ರೇಡಿಯೋ ಸಾಧನ. ಇದು ಜಗತ್ತಿನಾದ್ಯಂತ 457 ಕಿಲೋಹರ್ಟ್ಸ್ ಕಂಪನಾಂಕದಲ್ಲೇ ಕೆಲಸ ಮಾಡುತ್ತದೆ. ಬೆಂಗಳೂರು ಆಕಾಶವಾಣಿಯನ್ನು ಮಧ್ಯಮ ತರಂಗದ 612 ಕಿಲೋಹರ್ಟ್ಸ್‌ನಲ್ಲಿ ಕೇಳಿದವರಿಗೆ ಈ ಸಂಖ್ಯೆ ಅಷ್ಟೇನೂ ಅಪರಿಚಿತವಲ್ಲ, ಅದಕ್ಕಿಂತ ಸ್ವಲ್ಪ ಕೆಳಗಿನದು. ಎರಡನೆಯದು ಹಿಮದೊಳಗೆ ಚುಚ್ಚಿ ಹುಡುಕುವ, ಮಡಿಸಬಹುದಾದ ಉದ್ದನೆಯ ಸಲಾಕೆ. ಮೂರನೆಯದು ಗಟ್ಟಿಯಾದ ಸಲಿಕೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಹೆಚ್ಚು ಪ್ರಯೋಜನಕ್ಕೆ ಬಾರವು. ಅವುಗಳನ್ನು ಬಳಸುವ ಅಭ್ಯಾಸವೂ ಮೊದಲೇ ಆಗಿರಬೇಕು. ಇನ್ನು ಅಪಾಯದ ಇಳಿಜಾರನ್ನು ದಾಟಲೇಬೇಕಾದಾಗ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಟ್ಟು ನೋಡುತ್ತಿರಬೇಕು. ಎಲ್ಲರೂ ಹೂತುಹೋದರೆ ಅಗೆಯುವವರು ಯಾರು?

ಹನುಮಂತಪ್ಪನವರು ಆರು ದಿನ ಬದುಕಿದ್ದರಲ್ಲ ಎಂದು ನೀವು ಕೇಳಬಹುದು. ಅದು ಅತ್ಯಂತ ಅಪರೂಪ. ಅವರ ಸುತ್ತ ಉಸಿರಾಡುವಷ್ಟು ಗಾಳಿಯ ಅವಕಾಶ ಉಳಿದಿತ್ತು. 2025ರ ಫೆಬ್ರವರಿ 28ರಂದು ಬದರಿನಾಥದ ಬಳಿಯ ಮಾಣಾ ಗ್ರಾಮದ ಹತ್ತಿರ ರಸ್ತೆ ಕೆಲಸಗಾರರ ಶಿಬಿರದ ಮೇಲೆ ಹಿಮ ಕುಸಿದಾಗ 54 ಮಂದಿ ಸಿಲುಕಿದರು. ಅವರಲ್ಲಿ 46 ಮಂದಿ ಬದುಕಿ ಬಂದರು. ಅನೇಕರು ಉಕ್ಕಿನ ಕಂಟೇನರುಗಳೊಳಗೆ ಇದ್ದುದರಿಂದ ಅವರಿಗೆ ಗಾಳಿಯೂ ಆಸರೆಯೂ ದೊರೆತವು. ಬಯಲಿನಲ್ಲಿ ನಡೆಯುವ ಚಾರಣಿಗನಿಗೆ ಅಂಥ ಆಸರೆಯಿಲ್ಲ.

ಮಿತ್ರರೇ, ಇದುವರೆಗೆ ಹಿಮದ ವಿಚಾರ ಹೇಳಿದೆ. ಇನ್ನು ಮನುಷ್ಯನ ವಿಚಾರ. ಇಯಾನ್ ಮೆಕ್‌ಕ್ಯಾಮನ್ ಎಂಬ ಅಮೆರಿಕದ ಸಂಶೋಧಕ ಏಳುನೂರಕ್ಕೂ ಹೆಚ್ಚು ಅಪಘಾತಗಳನ್ನು ಪರಿಶೀಲಿಸಿ 2004ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಹಿಮದ ಬಗ್ಗೆ ತರಬೇತಿ ಪಡೆದವರೂ, ಅಪಾಯದ ಸೂಚನೆಗಳು ಕಣ್ಣೆದುರಿಗೇ ಇದ್ದಾಗಲೂ ಮುಂದೆ ಹೋಗಿದ್ದರು ಎಂಬುದು ಅದರಲ್ಲಿ ಕಂಡುಬಂತು. ಪರಿಚಿತ ದಾರಿ ಎಂಬ ಧೈರ್ಯ, ಮುಂದೆ ಬೇರೆಯವರ ಹೆಜ್ಜೆಗುರುತು ಇದೆ ಎಂಬ ನಂಬಿಕೆ, ನಾಯಕನಿಗೆ ಎಲ್ಲ ಗೊತ್ತು ಎಂಬ ಭಾವನೆ, ಹೇಗಾದರೂ ಗುರಿ ಮುಟ್ಟಬೇಕೆಂಬ ಹಟ ಇವೇ ಕಾರಣ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, "ಎರಡು ರಾತ್ರಿ ರೈಲಿನಲ್ಲಿ ಕೂತು ಬಂದಿದ್ದೇವೆ, ನಾಡಿದ್ದಿಗೆ ವಾಪಸು ಟಿಕೆಟ್ ಆಗಿದೆ, ಎಲ್ಲರೂ ಹೋಗುತ್ತಿದ್ದಾರೆ, ನಾನೊಬ್ಬ ಬೇಡವೆಂದರೆ ಹೆದರುಪುಕ್ಕಲ ಅಂದುಕೊಳ್ಳುತ್ತಾರೆ." ಈ ವಾಕ್ಯದಲ್ಲಿ ಹಿಮದ ಬಗ್ಗೆ ಒಂದೇ ಒಂದು ಮಾತಿಲ್ಲ ಎಂಬುದನ್ನು ಗಮನಿಸಿ. ಹಿಮಕ್ಕೆ ನಮ್ಮ ರಜೆಯೂ ಗೊತ್ತಿಲ್ಲ, ಟಿಕೆಟ್ಟೂ ಗೊತ್ತಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಬಲೆಯಿದೆ. ನೀರಿಗೆ ಕೈಯಿಟ್ಟರೆ ಒದ್ದೆಯಾಗುತ್ತದೆ, ಬೆಂಕಿಗೆ ಕೈಯಿಟ್ಟರೆ ಸುಡುತ್ತದೆ. ತಪ್ಪು ಮಾಡಿದೊಡನೆ ಪ್ರಕೃತಿ ತಿದ್ದುತ್ತದೆ. ಹಿಮ ಹಾಗಲ್ಲ. ಅಪಾಯದ ಇಳಿಜಾರನ್ನು ಹಲವಾರು ಸಲ ದಾಟಿದರೂ ಏನೂ ಆಗದಿರಬಹುದು. ನಮ್ಮ ಕಾಲು ದುರ್ಬಲವಾದ ಆ ಒಂದು ಬಿಂದುವಿನ ಮೇಲೆ ಬೀಳಲಿಲ್ಲ, ಅಷ್ಟೇ. ಆದರೆ ಪ್ರತಿ ಸಲವೂ ನಾವು "ನನ್ನ ನಿರ್ಧಾರ ಸರಿಯಾಗಿತ್ತು" ಎಂದುಕೊಂಡು ಇನ್ನಷ್ಟು ಧೈರ್ಯ ತಂದುಕೊಳ್ಳುತ್ತೇವೆ. ಹೀಗೆ ಅನುಭವವೇ ತಪ್ಪು ಪಾಠ ಕಲಿಸುತ್ತದೆ. ಏನೂ ಆಗಲಿಲ್ಲ ಎಂಬುದು, ಅಪಾಯವಿರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಪ್ರಯೋಗಶಾಲೆಯಲ್ಲಿ ಒಂದು ಸಲ ಸರಿಯುತ್ತರ ಬಂದರೆ ಸೂತ್ರ ಸಿದ್ಧವಾಯಿತೆಂದು ನಿಮ್ಮ ಅಧ್ಯಾಪಕರು ಒಪ್ಪುತ್ತಾರೆಯೇ? ಹಿಮದ ವಿಚಾರದಲ್ಲೂ ಅದೇ ಶಿಸ್ತು ಬೇಕು.

ಆದ್ದರಿಂದ ನಿಮ್ಮಲ್ಲಿ ಯಾರಾದರೂ ಹಿಮಾಲಯಕ್ಕೆ ಹೊರಟರೆ, ಹೊರಡುವ ಮೊದಲೇ, ಬೆಚ್ಚನೆಯ ಮನೆಯಲ್ಲಿ ಕೂತು ಕೆಲವು ಪ್ರಶ್ನೆಗಳನ್ನು ಕೇಳಿ. ನಮ್ಮ ದಾರಿಯಲ್ಲಿ ಅಥವಾ ಅದರ ಮೇಲ್ಗಡೆ 30 ಡಿಗ್ರಿ ಮೀರಿದ ಹಿಮದ ಇಳಿಜಾರಿದೆಯೇ? ಹಿಮಕುಸಿತದ ಮುನ್ಸೂಚನೆಯನ್ನು ಯಾರು ನೋಡುತ್ತಾರೆ, ಪ್ರತಿದಿನ ನಮಗೆ ತಿಳಿಸುತ್ತಾರೆಯೇ? ರೇಡಿಯೋ ಸಾಧನ, ಸಲಾಕೆ, ಸಲಿಕೆ ಎಲ್ಲರಿಗೂ ಇವೆಯೇ? ಯಾವ ಸೂಚನೆ ಕಂಡರೆ ಹಿಂದಿರುಗುತ್ತೇವೆ? ಈ ಕೊನೆಯ ಪ್ರಶ್ನೆಯೇ ಮುಖ್ಯ. ಶಿಖರ ಕಣ್ಣೆದುರಿಗಿರುವಾಗ ಹಿಂದಿರುಗುವ ನಿರ್ಧಾರ ಮಾಡುವುದು ಬಹಳ ಕಷ್ಟ. ಅದನ್ನು ಮೊದಲೇ ಮಾಡಿ, ಕಾಗದದ ಮೇಲೆ ಬರೆದು, ತಂಡದವರೆಲ್ಲ ಒಪ್ಪಿಕೊಂಡಿರಬೇಕು. ಯಾರೊಬ್ಬರು ಬೇಡವೆಂದರೂ, ಅವರು ಎಲ್ಲರಿಗಿಂತ ಚಿಕ್ಕವರಾಗಿದ್ದರೂ, ತಂಡ ನಿಂತು ಆ ಮಾತನ್ನು ಕೇಳುವ ಪದ್ಧತಿಯಿರಬೇಕು. ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಸಂಘಟಕರ ಜೊತೆ ಹಿಮದ ಇಳಿಜಾರಿಗೆ ಹೋಗದಿರುವುದೇ ಒಳಿತು.

ಹಿಮಾಲಯಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ, ನೋಡಿ, ಆ ಹಿಮವನ್ನು ಕೈಯಲ್ಲಿ ಹಿಡಿದು ಅದರ ಹರಳುಗಳನ್ನು ಗಮನಿಸಿ. ನಿಮ್ಮಲ್ಲಿ ಕೆಲವರು ಮುಂದೆ ಭೌತಶಾಸ್ತ್ರವನ್ನೋ ಹವಾಮಾನಶಾಸ್ತ್ರವನ್ನೋ ಓದಿ ಈ ಕ್ಷೇತ್ರದಲ್ಲೇ ಸಂಶೋಧನೆ ನಡೆಸಬಹುದು. ಎತ್ತರದ ಠಾಣೆಗಳಲ್ಲಿ ಕಾವಲು ನಿಂತಿರುವ ಯೋಧರಿಗೆ ಹಿಂದಿರುಗುವ ಆಯ್ಕೆಯಿಲ್ಲ. ಅವರಿಗೆ ನೆರವಾಗಬಲ್ಲದ್ದು ಮುನ್ಸೂಚನೆಯ ವಿಜ್ಞಾನ ಮಾತ್ರ. ನಮಗೆ, ರಜೆಗೆ ಹೋಗುವವರಿಗೆ, ಆ ಆಯ್ಕೆಯಿದೆ. ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅದನ್ನು ಹತ್ತಲು ನಾವೂ ಇರಬೇಕು.